ಅಚ್ಚು ಯಾರ ಕೈಯಲ್ಲಿತ್ತು: ಚೀನಾದ ಕೈಗಾರಿಕಾ ವಿನ್ಯಾಸದ ನೂರು ವರ್ಷ

ಪೂರ್ವ ಚೀನಾದ ಹಾಂಗ್‌ಝೌ ನಗರ 2010ರ ಆಸುಪಾಸಿನಲ್ಲಿ ಒಂದು ಭಾರಿ ಖರೀದಿ ಮಾಡಿತು. ಜರ್ಮನಿಯ ಸಂಗ್ರಾಹಕರೊಬ್ಬರು ಕೂಡಿಸಿಟ್ಟಿದ್ದ 7010 ವಸ್ತುಗಳು ಅಲ್ಲಿನ ಚೀನಾ ಕಲಾ ಅಕಾಡೆಮಿಯ ಪಾಲಾದವು: ಕುರ್ಚಿ, ಮೇಜಿನ ದೀಪ, ಚಹಾದ ಪಾತ್ರೆ, ಜಾಹೀರಾತು ಫಲಕ, ಹೀಗೆ ಇಪ್ಪತ್ತನೆಯ ಶತಮಾನದ ಯುರೋಪು ದಿನಬಳಕೆಗೆಂದು ರೂಪಿಸಿಕೊಂಡ ಸಾಮಾನು. ಅದರಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ವಸ್ತುಗಳು ಬೌಹೌಸ್ ಎಂಬ ಪ್ರಸಿದ್ಧ ಜರ್ಮನ್ ವಿನ್ಯಾಸ ಶಾಲೆಗೆ ಸೇರಿದವು. ಅವನ್ನಿಡಲು ಪೋರ್ಚುಗಲ್ಲಿನ ವಾಸ್ತುಶಿಲ್ಪಿ ಆಲ್ವಾರೊ ಸೀಜಾ ಅವರಿಂದ ಕೆಂಪು ಕಲ್ಲಿನ ಕಟ್ಟಡ ಬರೆಸಿ, 2018ರ ಏಪ್ರಿಲ್‌ನಲ್ಲಿ ಮ್ಯೂಸಿಯಂ ತೆರೆದರು. ಇದನ್ನು ಕಂಡ ಹಲವರು ಆಡಿಕೊಂಡದ್ದು ಒಂದೇ ಮಾತು: ತನಗಿಲ್ಲದ ಪೂರ್ವಿಕರನ್ನು ಚೀನಾ ದುಡ್ಡು ಕೊಟ್ಟು ತಂದುಕೊಂಡಿತು. ಈ ಮಾತಿನ ಹಿಂದೆ ನಮಗೆಲ್ಲ ಪರಿಚಿತವಾದ ಒಂದು ಕಥೆಯಿದೆ. ಚೀನೀಯರು ಮೊದಲು ನಕಲು ಮಾಡಿದರು, ಆಮೇಲೆ ಅಗ್ಗದಲ್ಲಿ ಮಾಡಿದರು, ಕೊನೆಗೆ ತಾವೇ ಯೋಚಿಸುವುದನ್ನು ಕಲಿತರು ಎಂಬ ಕಥೆ. ಕೇಳಲು ಚೆಂದವಾಗಿದೆ, ಆದರೆ ದಾಖಲೆಗಳು ಇದಕ್ಕೆ ಒಗ್ಗುವುದಿಲ್ಲ. ಆಧುನಿಕ ಚೀನಾಕ್ಕೆ ವಿನ್ಯಾಸದ ತಿಳಿವಳಿಕೆಯ ಕೊರತೆ ಹೆಚ್ಚೇನೂ ಇರಲಿಲ್ಲ, ವಿನ್ಯಾಸಕಾರರ ಕೊರತೆಯೂ ಇರಲಿಲ್ಲ. ಕೊರತೆಯಿದ್ದದ್ದು ಅಧಿಕಾರಕ್ಕೆ. ವಸ್ತು ಹೇಗಿರಬೇಕು ಎಂಬ ನಿರ್ಧಾರ ನಡೆಯುವ ಕೋಣೆಯೊಳಗೆ ವಿನ್ಯಾಸಕಾರ ಕಾಲಿಡುವಷ್ಟರಲ್ಲಿ ಅಲ್ಲಿನ ಮಾತು ಮುಗಿದಿರುತ್ತಿತ್ತು.

ಬೌಹೌಸ್‌ನಿಂದಲೇ ಶುರು ಮಾಡೋಣ. ಆ ಶಾಲೆಯ ವಿಚಾರಗಳು ಚೀನಾಕ್ಕೆ ಬರಲು ಇಪ್ಪತ್ತೊಂದನೆಯ ಶತಮಾನದ ಖರೀದಿಗೆ ಕಾಯಬೇಕಿರಲಿಲ್ಲ. ಡೆಸಾವಿನಲ್ಲಿ ಬೌಹೌಸ್ ಸ್ಥಾಪಕ ವಾಲ್ಟರ್ ಗ್ರೋಪಿಯಸ್ ಜೊತೆ ಕೆಲಸ ಮಾಡಿದ್ದ ರಿಚರ್ಡ್ ಪೌಲಿಕ್, ನಾಜಿಗಳಿಂದ ತಪ್ಪಿಸಿಕೊಂಡು 1933ರಲ್ಲೇ ಶಾಂಘೈ ಸೇರಿದ್ದರು. ಹಾರ್ವರ್ಡಿನಲ್ಲಿ ಅದೇ ಗ್ರೋಪಿಯಸ್‌ರ ಶಿಷ್ಯರಾಗಿದ್ದ ಹುವಾಂಗ್ ಝ್ವೋಶೆನ್ 1942ರಲ್ಲಿ ಶಾಂಘೈನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ವಿಭಾಗ ತೆರೆದು, ಪೌಲಿಕ್‌ರನ್ನು ಪಾಠಕ್ಕೆ ಕರೆಸಿಕೊಂಡರು. ಅದಕ್ಕೂ ಮೊದಲು, ಟೋಕಿಯೊದ ಕಲಾಶಾಲೆಯಲ್ಲಿ ವಿನ್ಯಾಸ ಓದಿ ಬಂದ ಚೆನ್ ಝಿಫೋ 1923ರಲ್ಲಿ ಶಾಂಘೈನಲ್ಲಿ ಒಂದು ವಿನ್ಯಾಸಶಾಲೆ ಹೂಡಿದ್ದರು. ರೇಷ್ಮೆ ಗಿರಣಿಗಳಿಗೆ ನಕ್ಷೆ ಬರೆದುಕೊಡುವುದು, ಹಾಗೆ ಬರೆಯಬಲ್ಲ ಹುಡುಗರನ್ನು ತಯಾರು ಮಾಡುವುದು ಅದರ ಉದ್ದೇಶ. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಅದೇ ಊರಿನಲ್ಲಿ ವಿದೇಶಿ ಸರಕಿನ ಬಹಿಷ್ಕಾರ 1915, 1919, 1925ರಲ್ಲಿ ಅಲೆ ಅಲೆಯಾಗಿ ಎದ್ದಿತ್ತು. ಸ್ವದೇಶಿ ಬಲ್ಬು, ಸ್ವದೇಶಿ ಸಾಬೂನು, ಸ್ವದೇಶಿ ಫ್ಯಾನು ಮಾಡುವ ಕಾರ್ಖಾನೆಗಳು ಹುಟ್ಟಿಕೊಂಡಿದ್ದವು. 1929ರಲ್ಲಿ ಹಾಂಗ್‌ಝೌನ ಪಶ್ಚಿಮ ಸರೋವರದ ದಡದಲ್ಲೇ ಅಂಥ ಸರಕಿನ ದೊಡ್ಡ ವಸ್ತುಪ್ರದರ್ಶನವೂ ನಡೆದಿತ್ತು. ಆದರೆ ಹುವಾಷೆಂಗ್ ಫ್ಯಾನು ಮಾಡಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಫ್ಯಾನನ್ನು ಎದುರಿಗಿಟ್ಟುಕೊಂಡೇ ಮಾಡಿದರು. ಕಲಾವಿದನಿಗೆ ದಕ್ಕಿದ್ದು ಪೆಟ್ಟಿಗೆಯ ಮೇಲಿನ ಚಿತ್ರ, ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನ ಸುಂದರಿ. ಯಂತ್ರ ಎಂಜಿನಿಯರನದು, ಹೊದಿಕೆ ಕಲಾವಿದನದು ಎಂಬ ಈ ಪಾಲುಪಟ್ಟಿ ಆಗ ಆದದ್ದು. ಕ್ರಾಂತಿ ಬಂದರೂ ಅದು ಅಳಿಯಲಿಲ್ಲ.

ಅಳಿಸಲು ಹೊರಟವರು ಇದ್ದರು, ಅವರ ಗತಿ ಏನಾಯಿತು ಎಂಬುದೇ ನನ್ನ ವಾದಕ್ಕೆ ಮುಖ್ಯ ಸಾಕ್ಷಿ. ಪಾಂಗ್ ಶೂನ್‌ಚಿನ್ 1925ರಲ್ಲಿ ಚಿತ್ರಕಲೆ ಕಲಿಯಲು ಪ್ಯಾರಿಸಿಗೆ ಹೋದವರು. ಆ ವರ್ಷ ಅಲ್ಲಿ ನಡೆಯುತ್ತಿದ್ದ ಅಲಂಕಾರ ಕಲೆಗಳ ಅಂತಾರಾಷ್ಟ್ರೀಯ ಪ್ರದರ್ಶನ ಅವರ ಮನಸ್ಸನ್ನು ಕುರ್ಚಿ, ಪರದೆ, ಪಿಂಗಾಣಿಗಳ ಕಡೆಗೆ ತಿರುಗಿಸಿತು. ಊರಿಗೆ ಮರಳಿದ ಮೇಲೆ ಕಾಲು ಶತಮಾನ ಅವರು ಒಂದೇ ಬೇಡಿಕೆ ಹಿಡಿದು ಕೂತರು: ಜನರ ಉಡುಗೆ, ಊಟ, ವಾಸಕ್ಕೆ ಬೇಕಾದದ್ದನ್ನು ರೂಪಿಸುವ ಒಂದು ಶಾಲೆ ಬೇಕು. 1956ರಲ್ಲಿ ಬೀಜಿಂಗಿನಲ್ಲಿ ಕೇಂದ್ರ ಕಲಾ ಮತ್ತು ಕರಕುಶಲ ಅಕಾಡೆಮಿ ಶುರುವಾಯಿತು, ಪಾಂಗ್ ಅದರ ಉಪಾಧ್ಯಕ್ಷರಾದರು. ಫ್ರಾನ್ಸಿನಲ್ಲಿ ಶಿಲ್ಪ ಕಲಿತು, ಬೌಹೌಸ್ ವಿಚಾರಗಳನ್ನು ಮೆಚ್ಚಿಕೊಂಡು, 1951ರಲ್ಲಿ ಹಾಂಗ್‌ಕಾಂಗಿನಿಂದ ಹೊಸ ದೇಶ ಕಟ್ಟಲೆಂದು ಬಂದ ಝೆಂಗ್ ಕೆ ಕೂಡ ಅಲ್ಲಿನ ಅಧ್ಯಾಪಕರು. ಜಗಳ ಬೇಗನೆ ಹತ್ತಿಕೊಂಡಿತು. ದೇಶಕ್ಕೆ ಆಗ ವಿದೇಶಿ ವಿನಿಮಯ ಬೇಕಿತ್ತು. ದಂತದ ಕೆತ್ತನೆ, ಮೀನಾಕಾರಿ ಹೂದಾನಿ, ಕಸೂತಿಗಳು ಅದನ್ನು ತರುತ್ತಿದ್ದವು. ಹಾಗಾಗಿ ಕರಕುಶಲ ಇಲಾಖೆಗೆ ಈ ಶಾಲೆ ರಫ್ತಿನ ಸೊಬಗಿನ ವಸ್ತುಗಳಿಗೆ ಕೈಜೋಡಿಸಲಿ ಎಂಬಾಸೆ. ಪಾಂಗ್‌ಗೆ ಕಾರ್ಖಾನೆಯ ತಟ್ಟೆ ಬಟ್ಟಲು ಸುಧಾರಿಸುವ ಆಸೆ. 1957ರ ಬಲಪಂಥೀಯ ವಿರೋಧಿ ಆಂದೋಲನ ಈ ಚರ್ಚೆಯನ್ನು ಒಂದೇ ಏಟಿಗೆ ಮುಗಿಸಿತು. ಪಾಂಗ್, ಝೆಂಗ್ ಇಬ್ಬರಿಗೂ ಬಲಪಂಥೀಯರೆಂಬ ಹಣೆಪಟ್ಟಿ ಬಿತ್ತು, ಮಾತಾಡುವ ಹಕ್ಕು ಹೋಯಿತು. ಶಾಲೆ ಉಳಿಯಿತು, ಪಾಠವೂ ನಡೆಯಿತು. ಏನನ್ನು ಮಾಡಬೇಕು ಎಂದು ಕೇಳುವವರು ಮಾತ್ರ ಇಲ್ಲವಾದರು.

ಹಾಗೆಂದು ಆ ಕಾಲದ ಕೈಗಳು ಸಾಮಾನ್ಯವಾಗಿರಲಿಲ್ಲ. 1959ರಲ್ಲಿ ಹತ್ತೇ ತಿಂಗಳಲ್ಲಿ ಎದ್ದು ನಿಂತ ಬೀಜಿಂಗಿನ ಮಹಾ ಜನಸಭಾಭವನದ ಭೋಜನಶಾಲೆಯ ಚಾವಣಿಯನ್ನು ನೋಡಿ. ಅದನ್ನು ಬಿಡಿಸಿದ ಚಾಂಗ್ ಶಾನಾಗೆ ಆಗ ಇಪ್ಪತ್ತೆಂಟು ವರ್ಷ. ತಂದೆ ದುನ್‌ಹ್ವಾಂಗ್ ಗುಹೆಗಳ ಭಿತ್ತಿಚಿತ್ರಗಳನ್ನು ಕಾಯಲು ಮರುಭೂಮಿಯಲ್ಲಿ ನೆಲೆಸಿದ್ದರಿಂದ, ಆಕೆ ಬಾಲ್ಯದಿಂದಲೇ ಟ್ಯಾಂಗ್ ಕಾಲದ ಕಮಲಗಳನ್ನು ನಕಲು ಮಾಡುತ್ತ ಬೆಳೆದವಳು. ಮೊದಲು ಆಕೆ ಬರೆದುಕೊಟ್ಟದ್ದು ಬರೀ ಹೂವು. ಬೆಳಕು ಎಲ್ಲಿಂದ ಬರಬೇಕು, ಗಾಳಿ ಎಲ್ಲಿಂದ ಹೋಗಬೇಕು ಎಂದು ಕಟ್ಟಡದ ವಾಸ್ತುಶಿಲ್ಪಿ ಕೇಳಿದ ಮೇಲೆ ಅದೇ ಹೂವನ್ನು ಬಿಚ್ಚಿ ಮತ್ತೆ ಕಟ್ಟಿದರು: ದಳಗಳ ನಡುವೆ ದೀಪ ಕೂತಿತು, ಸುತ್ತಿನ ಚುಕ್ಕಿಗಳು ಗಾಳಿಯ ರಂಧ್ರಗಳಾದವು. ಅಲಂಕಾರವೂ ಉಪಯೋಗವೂ ಒಂದೇ ಗೆರೆಯಲ್ಲಿ ಬಂದ ಇದಕ್ಕಿಂತ ಒಳ್ಳೆಯ ವಿನ್ಯಾಸದ ಪಾಠ ಯಾವ ಶಾಲೆಯಲ್ಲಿ ಸಿಕ್ಕೀತು? ಅದು ಸಾಧ್ಯವಾದದ್ದು ವಾಸ್ತುಶಿಲ್ಪಿಯೂ ಕಲಾವಿದೆಯೂ ಒಂದೇ ಮೇಜಿಗೆ ಕೂತಿದ್ದರಿಂದ.

ಅದಕ್ಕೆ ಒಂದು ವರ್ಷ ಮುಂಚೆ ಈಶಾನ್ಯದ ಚಾಂಗ್‌ಚುನ್‌ನಲ್ಲಿ ಹುಟ್ಟಿದ ಹೊಂಗ್ಚಿ, ಅಂದರೆ ಕೆಂಬಾವುಟ ಕಾರಿನದು ಬೇರೆ ಕಥೆ. ಅಲ್ಲಿನ ಮೊದಲ ವಾಹನ ಕಾರ್ಖಾನೆ 1956ರಿಂದ ಸೋವಿಯತ್ ಝಿಸ್-150 ಲಾರಿಯನ್ನೇ ಜಿಯೆಫಾಂಗ್ ಎಂಬ ಹೆಸರಿನಲ್ಲಿ ಮಾಡುತ್ತಿತ್ತು. 1958ರಲ್ಲಿ ಮುಂದಾಳುಗಳಿಗೆ ಕಾರು ಬೇಕೆಂಬ ಆದೇಶ ಬಂದಾಗ, 1955ರ ಒಂದು ಕ್ರೈಸ್ಲರ್ ಇಂಪೀರಿಯಲ್ ಕಾರನ್ನು ತಂದು ಬಿಚ್ಚಿ, ಬಿಡಿಭಾಗಗಳನ್ನು ಜಾತ್ರೆಯ ಅಂಗಡಿಯಲ್ಲಿ ಹರಡಿದ ಹಾಗೆ ಹರಡಿದರು. ಯಾರಿಗೆ ಯಾವುದನ್ನು ಮಾಡಬಲ್ಲೆನೆಂಬ ಧೈರ್ಯವಿತ್ತೋ ಅವರು ಅದನ್ನು ಎತ್ತಿಕೊಂಡು ಹೋದರು. ಸುಮಾರು ಒಂದು ತಿಂಗಳಿಗೆ, ಆಗಸ್ಟಿನಲ್ಲಿ, ಕಾರು ನಿಂತಿತು. ಮುಂದಿನ ಜಾಲರಿ ಬಿಚ್ಚಿದ ಬೀಸಣಿಗೆಯ ಆಕಾರ, ಹಿಂದಿನ ದೀಪ ಅರಮನೆಯ ಲಾಟೀನು. ಮುಂದಿನ ಮಾದರಿಗಳಲ್ಲಿ ಡ್ಯಾಷ್‌ಬೋರ್ಡಿಗೆ ಫುಝೌನ ಅರಗಿನ ಮೆರುಗು, ಸೀಟಿಗೆ ಹಾಂಗ್‌ಝೌನ ಜರಿ ರೇಷ್ಮೆ. ಬೀಜಿಂಗ್ ಅಕಾಡೆಮಿಯಲ್ಲಿ ಕಲಿತ ಜಿಯಾ ಯಾನ್‌ಲಿಯಾಂಗ್ 1960ರ ದಶಕದ ನಡುವೆ ಬಿಡಿಸಿದ ಸಿಎ770 ಮಾದರಿಯ ಗೆರೆಗಳು ಇಂದಿಗೂ ಗಂಭೀರವಾಗಿ ಕಾಣುತ್ತವೆ. ಮಹಾ ಜಿಗಿತದ ಹಸಿವಿನ ವರ್ಷಗಳಲ್ಲಿ ಇಂಥದೊಂದು ಕಾರು ಮಾಡಿದ್ದನ್ನು ಕಂಡು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹಂಗಿಸುವುದು ಸುಲಭ, ಹಂಗಿಸಿದರೆ ತಪ್ಪೂ ಅಲ್ಲ. ನಾನು ಗಮನಿಸುವುದು ಬೇರೆ ಸಂಗತಿ. ಇಲ್ಲಿ ವಿನ್ಯಾಸಕಾರನಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತ್ತು, ಆದರೆ ಜಾಲರಿ ಮತ್ತು ದೀಪಗಳ ಮಟ್ಟಿಗೆ. ಎಷ್ಟು ಪೆಟ್ರೋಲು ಕುಡಿಯಬೇಕು, ಯಾರು ಕೊಳ್ಳಬೇಕು, ಬೆಲೆ ಎಷ್ಟಿರಬೇಕು ಎಂಬ ಪ್ರಶ್ನೆಗಳು ಏಳಲೇ ಇಲ್ಲ. ಇಪ್ಪತ್ತಮೂರು ವರ್ಷಗಳಲ್ಲಿ ಸುಮಾರು 1500 ಕಾರು ಮಾಡಿ, ಇಂಧನ ವಿಪರೀತ ಖರ್ಚಾಗುತ್ತದೆಂಬ ಕಾರಣಕ್ಕೆ 1981ರಲ್ಲಿ ತಯಾರಿಕೆ ನಿಲ್ಲಿಸಿದರು.

ಸಾಮಾನ್ಯರ ಮನೆಯ ಸ್ಥಿತಿ ಏನು? ಮದುವೆಯ ಹೆಣ್ಣು ಬಯಸುತ್ತಿದ್ದ ನಾಲ್ಕು ವಸ್ತುಗಳನ್ನು ಅಲ್ಲಿನ ಜನ ಮೂರು ತಿರುಗುವುದು, ಒಂದು ಸದ್ದು ಮಾಡುವುದು ಎಂದು ಕರೆಯುತ್ತಿದ್ದರು: ಸೈಕಲ್ಲು, ಹೊಲಿಗೆ ಯಂತ್ರ, ಕೈಗಡಿಯಾರ, ರೇಡಿಯೋ. ದುಡ್ಡಿದ್ದರೂ ಸಾಲದು, ಕೊಳ್ಳಲು ಚೀಟಿ ಬೇಕಿತ್ತು. ಶಾಂಘೈ ಗಡಿಯಾರ 1955ರಲ್ಲಿ ಸ್ವಿಸ್ ಗಡಿಯಾರ ಬಿಚ್ಚಿ ಕಲಿತವರ ಕೈಯಲ್ಲಿ ಹುಟ್ಟಿತು. 1970ರ ದಶಕದ ಆರಂಭಕ್ಕೆ ಒಂದೇ ಯಂತ್ರವನ್ನು ರಾಷ್ಟ್ರೀಯ ಮಾದರಿಯೆಂದು ಗೊತ್ತುಮಾಡಿ ಹತ್ತಾರು ಕಾರ್ಖಾನೆಗಳಿಗೆ ಹಂಚಿದರು. ಸೈಕಲ್ಲಿನ ವಿಷಯದಲ್ಲೂ ಹಾಗೆಯೇ. ಟಿಯಾಂಜಿನ್‌ನ ಫೀಗೆ, ಶಾಂಘೈನ ಯೊಂಗ್‌ಜಿಯು ಮತ್ತು ಫೀನಿಕ್ಸ್, ಮೂರೂ ಮೂಲದಲ್ಲಿ ಇಂಗ್ಲಿಷರ ರ‍್ಯಾಲಿ ಜಾತಿಯ ರೋಡ್‌ಸ್ಟರ್. 28 ಇಂಚಿನ ಗಾಲಿ, ಸರಳಿನಿಂದ ಎಳೆಯುವ ಬ್ರೇಕು, ಸರಪಳಿಯನ್ನು ಪೂರ್ತಿ ಮುಚ್ಚುವ ತಗಡು, ಹಿಂದೆ ಅಕ್ಕಿ ಮೂಟೆ ಹೊರುವ ಕ್ಯಾರಿಯರ್. ಮೂರು ದಶಕ ಅದರ ಚಹರೆ ಹೆಚ್ಚುಕಮ್ಮಿ ಬದಲಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದ ಆಕ್ಷೇಪ. ಬದಲಾಗದಿರುವುದು ವಿನ್ಯಾಸದ ಸೋಲು ಎಂದು ಯಾರು ಹೇಳಿದರು? 1950ರ ದಶಕದ ನಡುವೆ ಬಿಡಿಭಾಗಗಳ ಅಳತೆಯನ್ನು ಇಡೀ ದೇಶಕ್ಕೆ ಒಂದೇ ಮಾಡಿದ್ದರಿಂದ ಒಂದು ಊರಿನ ಪೆಡಲು ಇನ್ನೊಂದು ಊರಿನ ಸೈಕಲ್ಲಿಗೆ ಕೂರುತ್ತಿತ್ತು. ರಸ್ತೆಬದಿಯಲ್ಲಿ ಕೂತವನು ಯಾವ ಸೈಕಲ್ಲನ್ನಾದರೂ ರಿಪೇರಿ ಮಾಡುತ್ತಿದ್ದ. ಕಂಪನಿಗಳು ವರ್ಷಕ್ಕೊಂದು ಮಾದರಿ ತಂದು ಹಳೆಯದನ್ನು ಮೂಲೆಗೆ ಹಾಕಿಸುವ ಈ ಕಾಲದಲ್ಲಿ ನಿಂತು ನೋಡಿದರೆ ಅದೇ ಉತ್ತಮ ವಿನ್ಯಾಸವಲ್ಲವೇ? ಒಪ್ಪುತ್ತೇನೆ, ಅಳತೆಗಳ ಆ ಏಕೀಕರಣ ಚೀನಾದ ವಿನ್ಯಾಸ ಇತಿಹಾಸದಲ್ಲಿ ದೊಡ್ಡ ಕೆಲಸ, ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ಆದರೆ ಒಳ್ಳೆಯದೆಂದು ತೂಗಿ ನೋಡಿ ಉಳಿಸಿಕೊಳ್ಳುವುದು ಬೇರೆ, ಬದಲಿಸಲು ಯಾರಿಗೂ ಕಾರಣವಿಲ್ಲದ್ದರಿಂದ ಉಳಿಯುವುದು ಬೇರೆ. ಚೀಟಿ ಹಿಡಿದ ಸಾಲು ಬಾಗಿಲಲ್ಲಿ ನಿಂತಿರುವಾಗ ಕಾರ್ಖಾನೆಗೆ ಗಿರಾಕಿಯ ಬೆನ್ನುನೋವು ಕೇಳಬೇಕಾದ ಗರಜೇನು? ಮುಖ್ಯ ಮಾದರಿ ಎತ್ತರದ ಗಂಡಸಿಗೆ ಹೊಂದುವ ಸೈಕಲ್ಲಾಗಿಯೇ ಉಳಿಯಿತು, ಕುಳ್ಳಗಿನವರು ಅದಕ್ಕೇ ಒಗ್ಗಿಕೊಂಡರು.

ಥರ್ಮಾಸ್ ಫ್ಲಾಸ್ಕಿನಲ್ಲಿ ಇದು ಇನ್ನೂ ಸ್ಪಷ್ಟ. ಕುದಿಸಿ ಆರಿಸಿದ ನೀರಿಗಿಂತ ಬಿಸಿನೀರನ್ನೇ ಕುಡಿಯುವ ಚೀನಾದಲ್ಲಿ ಅದಿಲ್ಲದ ಮನೆ, ಕಚೇರಿ, ರೈಲು ಇರಲಿಲ್ಲ. ಒಳಗೆ ಬೆಳ್ಳಿಯ ಲೇಪದ ಜೋಡಿ ಗಾಜು, ಬಾಯಿಗೆ ಬಿರಡೆ, ಹೊರಗೆ ಬಿದಿರಿನ ಹೆಣಿಗೆ ಇಲ್ಲವೇ ಬಣ್ಣದ ತಗಡು. ಗಾಜು ಒಡೆದರೆ ಒಳಗಿನ ಬಾಟಲಿಯಷ್ಟನ್ನೇ ಕೊಂಡು ಕೂರಿಸಬಹುದಿತ್ತು. ಕಾರ್ಖಾನೆಯ ಕಲಾವಿಭಾಗದವರು ವರ್ಷವಿಡೀ ಮಾಡುತ್ತಿದ್ದದ್ದು ಆ ತಗಡಿನ ಮೇಲೆ ಪಿಯೋನಿ ಹೂವು, ಜೋಡಿಹಕ್ಕಿ, ಮದುವೆಯ ಜೋಡಿ ಅಕ್ಷರ ಬರೆಯುವುದು. ಸಾಂಸ್ಕೃತಿಕ ಕ್ರಾಂತಿ ಬಂದಾಗ ಹೂವಿನ ಜಾಗದಲ್ಲಿ ಘೋಷಣೆ ಬಂತು, ಅದು ಹೋದ ಮೇಲೆ ಹೂವು ಮರಳಿತು. ಹಿಡಿ ಎಲ್ಲಿರಬೇಕು, ಮಕ್ಕಳ ಕೈಯಲ್ಲಿ ಉರುಳಿದರೆ ಏನು ಎಂಬುದು ಅವರ ಮೇಜಿಗೆ ಬರುತ್ತಲೇ ಇರಲಿಲ್ಲ. 1960ರಲ್ಲಿ ವುಶಿಯ ಲಘು ಕೈಗಾರಿಕಾ ವಿದ್ಯಾಲಯ ಇಂಥ ದಿನಬಳಕೆ ವಸ್ತುಗಳ ಆಕಾರಕ್ಕೇ ಮೀಸಲಾದ ಒಂದು ವಿಭಾಗ ತೆರೆದದ್ದು ನಿಜ. ಅಲ್ಲಿ ಕಲಿತು ಬಂದವರಿಗೆ ಕಾರ್ಖಾನೆ ಕೊಟ್ಟದ್ದು ಮತ್ತದೇ ಹೂವಿನ ಕುಂಚ.

1978ರ ನಂತರ ಬಾಗಿಲು ತೆರೆಯಿತು, ಎಲ್ಲ ಬದಲಾಯಿತು ಎಂದು ಬರೆದುಬಿಡುವುದು ರೂಢಿ. ಆ ವರ್ಷ ಗುವಾಂಗ್‌ಡಾಂಗ್ ಪ್ರಾಂತ್ಯದ ಹುಮೆನ್ ಊರಿಗೆ ಹಾಂಗ್‌ಕಾಂಗಿನ ವ್ಯಾಪಾರಿಯೊಬ್ಬ ಒಂದು ಕೈಚೀಲ ತಂದು, ಇಂಥದ್ದು ಮಾಡಬಲ್ಲಿರಾ ಎಂದು ಕೇಳಿದ. ಅಲ್ಲಿನ ಕೆಲಸಗಾರರು ರಾತ್ರಿಯೆಲ್ಲ ಕೂತು ಅದರಂತೆಯೇ ಒಂದನ್ನು ಹೊಲಿದು ಬೆಳಿಗ್ಗೆ ಕೈಗಿತ್ತರು. ತೈಪಿಂಗ್ ಕೈಚೀಲ ಕಾರ್ಖಾನೆ ಹುಟ್ಟಿದ್ದು ಹಾಗೆ. ಹೊರಗಿನವರ ಕಚ್ಚಾಮಾಲು, ಹೊರಗಿನವರ ಮಾದರಿ, ಹೊರಗಿನವರ ಬಿಡಿಭಾಗ, ನಮ್ಮದು ಕೂಲಿ ಎಂಬ ಈ ಏರ್ಪಾಡು ದಕ್ಷಿಣ ಚೀನಾವನ್ನೆಲ್ಲ ಆವರಿಸಿತು. ದುಡ್ಡು ಬಂತು, ಕೈಚಳಕ ಬೆಳೆಯಿತು, ಆದರೆ ಮಾದರಿ ಗಿರಾಕಿಯ ಚೀಲದಲ್ಲೇ ಬರುತ್ತಿತ್ತು. ದೇಶದೊಳಗಿನ ಮಾರುಕಟ್ಟೆಗೆ ಮಾಡುವವರದೂ ಅದೇ ಪಾಡು. 1980ರ ದಶಕದಲ್ಲಿ ಒಂಬತ್ತು ಕಾರ್ಖಾನೆಗಳು ಇಟಲಿಯ ಒಂದೇ ಕಂಪನಿಯಿಂದ ಒಂದೇ ಬಗೆಯ ಆರಿಸ್ಟನ್ ಫ್ರಿಜ್ ಮಾಡುವ ಯಂತ್ರಸಾಲನ್ನು ಕೊಂಡವು. ಮಾರುಕಟ್ಟೆಯಲ್ಲಿ ಒಂಬತ್ತು ಹೆಸರಿನ ಒಂದೇ ಫ್ರಿಜ್ ನಿಂತಿತು. ಹಿಂದೆ ಸಚಿವಾಲಯ ಕಳಿಸುತ್ತಿದ್ದ ನಕ್ಷೆ ಈಗ ಯಂತ್ರದ ಪೆಟ್ಟಿಗೆಯೊಳಗೆ ಬಂತು, ಅಷ್ಟೇ ವ್ಯತ್ಯಾಸ.

ಶಾಲೆಗಳು ಈ ನಡುವೆ ಸುಮ್ಮನಿರಲಿಲ್ಲ. ಬೀಜಿಂಗ್ ಅಕಾಡೆಮಿಯ ಲಿಯು ಗ್ವಾನ್‌ಝೋಂಗ್ 1981ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಿ, 1984ರಲ್ಲಿ ಮರಳಿ ಕೈಗಾರಿಕಾ ವಿನ್ಯಾಸ ವಿಭಾಗ ಕಟ್ಟಿದರು. ಅದರ ಮರುವರ್ಷವೇ ಪಾಂಗ್ ಶೂನ್‌ಚಿನ್ ತೀರಿಕೊಂಡರು. ಕಪ್ಪನ್ನು ವಿನ್ಯಾಸ ಮಾಡಬೇಡಿ, ನೀರು ಕುಡಿಯುವ ಕೆಲಸವನ್ನು ವಿನ್ಯಾಸ ಮಾಡಿ ಎಂಬ ಧಾಟಿಯ ಲಿಯು ಅವರ ಪಾಠ ಒಂದು ತಲೆಮಾರನ್ನೇ ತಿದ್ದಿತು. ಗುವಾಂಗ್‌ಝೌ ಕಲಾ ಅಕಾಡೆಮಿ ಹಾಂಗ್‌ಕಾಂಗಿನ ಮೂಲಕ ಬಂದ ಚುಕ್ಕಿ, ಗೆರೆ, ಬಣ್ಣ, ಘನಾಕೃತಿಗಳ ಅಭ್ಯಾಸವನ್ನು ದೇಶಕ್ಕೆಲ್ಲ ಹಬ್ಬಿಸಿತು, ಅಲ್ಲಿನ ಅಧ್ಯಾಪಕರು 1980ರ ದಶಕದ ಕೊನೆಗೆ ಸ್ವಂತ ವಿನ್ಯಾಸ ಕಚೇರಿಯನ್ನೂ ತೆರೆದರು. 1979ರಲ್ಲಿ ಹುಟ್ಟಿದ ಕೈಗಾರಿಕಾ ಕಲೆಯ ಸಂಘ 1987ರಲ್ಲಿ ಕೈಗಾರಿಕಾ ವಿನ್ಯಾಸ ಸಂಘವಾಯಿತು. ವಿಚಾರ, ಶಿಕ್ಷಕ, ಸಂಘ ಎಲ್ಲ ಇತ್ತು. ಕೆಲಸ ಕೊಡುವ ಕಾರ್ಖಾನೆ ಇರಲಿಲ್ಲ. ಪದವೀಧರರು ಹೊಟ್ಟೆಪಾಡಿಗೆ ಜಾಹೀರಾತಿಗೆ, ಹೋಟೆಲುಗಳ ಒಳಾಲಂಕಾರಕ್ಕೆ ಹೋದರು.

ನನ್ನ ಲೆಕ್ಕದಲ್ಲಿ ಮೊದಲ ಬಿರುಕು ಬಿದ್ದದ್ದು 1990ರ ದಶಕದ ನಡುವೆ ಚಿಂಗ್‌ದಾವ್‌ನಲ್ಲಿ. ಅಲ್ಲಿನ ಗೃಹೋಪಕರಣ ಕಂಪನಿ ಹೈಯರ್ ಎಂದರೆ ಎಲ್ಲರಿಗೂ ನೆನಪಾಗುವುದು 1985ರಲ್ಲಿ ಅದರ ಮುಖ್ಯಸ್ಥ ಝಾಂಗ್ ರುಯ್‌ಮಿನ್ ಸುತ್ತಿಗೆಯಿಂದ ಒಡೆಸಿದ 76 ದೋಷಪೂರಿತ ಫ್ರಿಜ್‌ಗಳು. ಅದು ಶಿಸ್ತಿನ ಕಥೆ, ವಿನ್ಯಾಸದ್ದಲ್ಲ. ವಿನ್ಯಾಸದ ಕಥೆ ಬೇಸಿಗೆಯಲ್ಲಿ ವಾಷಿಂಗ್ ಮಷೀನ್ ಏಕೆ ಮಾರಾಟವಾಗುವುದಿಲ್ಲ ಎಂಬ ಪ್ರಶ್ನೆಯಿಂದ ಹುಟ್ಟುತ್ತದೆ. ಬೇಸಿಗೆಯಲ್ಲಿ ಜನ ಬಟ್ಟೆ ಒಗೆಯುವುದು ಹೆಚ್ಚೇ ಹೊರತು ಕಡಿಮೆಯಲ್ಲ. ಆದರೆ ದಿನಾ ಬದಲಿಸುವ ಒಂದು ಅಂಗಿ, ಒಂದು ಜೊತೆ ಕಾಲುಚೀಲಕ್ಕೆ ಐದು ಕಿಲೋದ ಯಂತ್ರ ತಿರುಗಿಸಿ ನೀರು ಸುರಿಯಲು ಯಾರಿಗೂ ಮನಸ್ಸಿರಲಿಲ್ಲ. 1996ರಲ್ಲಿ ಹೈಯರ್ ಒಂದೂವರೆ ಕಿಲೋದ ಪುಟ್ಟ ಯಂತ್ರ ತಂದಿತು. ಅದೇ ವರ್ಷ ಸಿಚುವಾನ್‌ನ ರೈತನೊಬ್ಬನ ಯಂತ್ರದ ಕೊಳವೆ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ರಿಪೇರಿಗೆ ಹೋದವನು ನೋಡಿದರೆ ಆತ ಅದರಲ್ಲಿ ಗೆಣಸು ತೊಳೆಯುತ್ತಿದ್ದ. ಕಾರ್ಖಾನೆಯಲ್ಲಿ ಕೆಲವರು ನಕ್ಕರಂತೆ. ಆದರೂ ಕೊಳವೆ ದೊಡ್ಡದು ಮಾಡಿ, ಬಟ್ಟೆಯ ಜೊತೆಗೆ ಗೆಡ್ಡೆ ಹಣ್ಣುಗಳನ್ನೂ ತೊಳೆಯುವ ಮಾದರಿಯನ್ನು 1998ರಲ್ಲಿ ಹತ್ತು ಸಾವಿರದಷ್ಟು ಮಾಡಿದರು. ಈ ಯಂತ್ರ ಯಾವ ಮ್ಯೂಸಿಯಮ್ಮಿಗೂ ತಕ್ಕ ಚೆಲುವೆಯಲ್ಲ. ಆದರೆ ಬಳಸುವವನ ದೂರು ಅಚ್ಚು ಬದಲಿಸುವವನ ಕಿವಿಗೆ ನೇರವಾಗಿ ಮುಟ್ಟಿದ್ದು ಇಲ್ಲಿ. ಅಷ್ಟು ಹೊತ್ತಿಗೆ ಅದೇ ಕಂಪನಿ ಜಪಾನಿನ ಜಿಕೆ ವಿನ್ಯಾಸ ಸಂಸ್ಥೆಯೊಂದಿಗೆ ಕೂಡಿ ಒಂದು ವಿನ್ಯಾಸ ಕಂಪನಿಯನ್ನೂ ಮಾಡಿಕೊಂಡಿತ್ತು.

ಎಲ್ಲ ದೇಶಗಳೂ ನಕಲಿನಿಂದಲೇ ಶುರು ಮಾಡುತ್ತವೆ, ಇದರಲ್ಲಿ ವಿಶೇಷವೇನು ಎಂದು ಕೇಳುವವರಿದ್ದಾರೆ. ಜರ್ಮನಿಯ ಕಳಪೆ ನಕಲುಗಳಿಂದ ಬೇಸತ್ತು ಬ್ರಿಟನ್ 1887ರಲ್ಲಿ ಸರಕಿನ ಮೇಲೆ ತಯಾರಾದ ದೇಶದ ಹೆಸರು ಬರೆಯಬೇಕೆಂದು ಕಾನೂನು ಮಾಡಿತ್ತು, ಜಪಾನಿನದೂ ಅದೇ ದಾರಿ. ಚೀನಾ ಕೂಡ ಆ ಮೆಟ್ಟಿಲು ಹತ್ತಿತು, ಅಷ್ಟೇ ಎಂಬುದು ಅವರ ವಾದ. ಮೆಟ್ಟಿಲು ಎಂದಾದರೆ ಅದು ಮೇಲಕ್ಕೆ ಒಯ್ಯಬೇಕು. 1958ರಲ್ಲಿ ಶಾಂಘೈನ ಹೀರೋ ಪೆನ್ನಿನ ಕಾರ್ಖಾನೆ ಅಮೆರಿಕದ ಪಾರ್ಕರನ್ನು ಮೀರಿಸುವ ಪಣ ತೊಟ್ಟಿತು. ಪಾರ್ಕರ್ 51ರಂತೆ ನಿಬ್ಬು ಮುಚ್ಚಿದ ಹೀರೋ 100 ನಿಜಕ್ಕೂ ಅಂದವಾಗಿ ಬರೆಯುತ್ತಿತ್ತು, ಆ ಪೈಪೋಟಿಯ ಮೇಲೆ ಸಿನಿಮಾ ಕೂಡ ಬಂತು. ಆಮೇಲೆ ಹಲವು ದಶಕ ಅದೇ ಪೆನ್ನು, ಅದೇ ಮೂತಿ. ಇನ್ನೊಂದು ಕಡೆ ಶೆನ್‌ಝೆನ್‌ನ ಹುವಾಚಿಯಾಂಗ್‌ಬೆಯ್ ಮಾರುಕಟ್ಟೆಯ ಕಳ್ಳಫೋನುಗಳನ್ನು ನೋಡಿ. ತೈವಾನಿನ ಮೀಡಿಯಾಟೆಕ್ ಚಿಪ್ಪನ್ನೂ ತಂತ್ರಾಂಶವನ್ನೂ ಒಟ್ಟಿಗೆ ಕೊಡತೊಡಗಿದ ಮೇಲೆ ಹತ್ತಿಪ್ಪತ್ತು ಜನರ ಗುಂಪೂ ಫೋನು ಮಾಡಬಹುದಾಯಿತು. ಸಿದ್ಧ ಬೋರ್ಡು, ಸಿದ್ಧ ಅಚ್ಚು ಸಂತೆಯಲ್ಲಿ ಸಿಗುತ್ತಿತ್ತು. 2007ರಲ್ಲಿ ಸರ್ಕಾರ ಫೋನು ತಯಾರಿಕೆಯ ಲೈಸೆನ್ಸನ್ನೇ ತೆಗೆದುಹಾಕಿತು. ಮೊದಲು ನೋಕಿಯಾದ ಮುಖ ಕದ್ದವರು ವಾರಗಳಲ್ಲೇ ಅದಕ್ಕೆ ಎರಡು ಸಿಮ್, ಕಟ್ಟಡದ ಕೆಲಸದ ಗದ್ದಲದಲ್ಲೂ ಕೇಳುವ ಸ್ಪೀಕರು, ಟಾರ್ಚು, ದಿನಗಟ್ಟಲೆ ಬಾಳುವ ಬ್ಯಾಟರಿ ಸೇರಿಸಿದರು. ಶೆನ್‌ಝೆನ್‌ನ ಇದೇ ಮಣ್ಣಿನಲ್ಲಿ ಬೆಳೆದ ಟ್ರಾನ್‌ಷನ್ ಕಂಪನಿ ಟೆಕ್ನೋ ಫೋನುಗಳನ್ನು ಆಫ್ರಿಕಕ್ಕೆ ಒಯ್ದು, ಕಪ್ಪು ಮೈಬಣ್ಣದವರ ಮುಖ ಸರಿಯಾಗಿ ಮೂಡುವಂತೆ ಕ್ಯಾಮೆರಾ ತಿದ್ದಿತು. ಜಗತ್ತಿನ ದೊಡ್ಡ ಕಂಪನಿಗಳಿಗೆ ಹೊಳೆಯದಿದ್ದದ್ದು ಇವರಿಗೆ ಹೊಳೆಯಿತು. ಹೀರೋ ನಕಲು ಮಾಡಿದ್ದು ಮೇಲಿನವರಿಗೆ ತೋರಿಸಲು, ಶೆನ್‌ಝೆನ್‌ನವರು ನಕಲು ಮಾಡಿದ್ದು ಎದುರಿಗೆ ನಿಂತ ಗಿರಾಕಿಗೆ ಮಾರಲು. ಮೊದಲನೆಯದು ನಿಂತಲ್ಲೇ ನಿಂತಿತು, ಎರಡನೆಯದು ಓಡಿತು. ಕಳ್ಳತನವನ್ನು ಹೊಗಳುತ್ತಿಲ್ಲ. ಕಳ್ಳಫೋನುಗಳಲ್ಲಿ ಕಳಪೆಯವು ಬೇಕಾದಷ್ಟಿದ್ದವು.

ಸರ್ಕಾರದ ಪಾತ್ರವನ್ನು ನಾನು ಕಡೆಗಣಿಸುತ್ತಿದ್ದೇನೆ ಎಂಬುದು ಇನ್ನೊಂದು ಆಕ್ಷೇಪ. 1985ರಲ್ಲಿ ಜಾರಿಗೆ ಬಂದ ಪೇಟೆಂಟ್ ಕಾನೂನು ವಸ್ತುವಿನ ಆಕಾರಕ್ಕೂ ರಕ್ಷಣೆ ಕೊಟ್ಟಿತು. 2007ರಲ್ಲಿ ಪ್ರಧಾನಿ ವೆನ್ ಜಿಯಾಬಾವ್ ಕೈಗಾರಿಕಾ ವಿನ್ಯಾಸಕ್ಕೆ ಮಹತ್ವ ಕೊಡಬೇಕೆಂದು ಟಿಪ್ಪಣಿ ಬರೆದರು. 2010ರಲ್ಲಿ ಹಲವು ಇಲಾಖೆಗಳು ಕೂಡಿ ನೀತಿ ಹೊರಡಿಸಿದವು. 2012ರ ಕೊನೆಗೆ ಷಿ ಜಿನ್‌ಪಿಂಗ್ ಗುವಾಂಗ್‌ಡಾಂಗ್‌ನ ಶುಂಡೆಯ ವಿನ್ಯಾಸ ನಗರಿಗೆ ಹೋದಾಗ ಅಲ್ಲಿ ಎಂಟುನೂರು ವಿನ್ಯಾಸಕಾರರಿದ್ದರು, ಮುಂದೆ ಬರುವಾಗ ಎಂಟು ಸಾವಿರವಾಗಿರಲಿ ಎಂದು ಹಾರೈಸಿದರು. ಇದೆಲ್ಲ ಸುಳ್ಳಲ್ಲ. ಆದರೆ ತಾರೀಖುಗಳನ್ನು ಜೋಡಿಸಿ ನೋಡಿ: ಗೆಣಸಿನ ಯಂತ್ರ 1998ರದು, ಟ್ರಾನ್‌ಷನ್ 2006ರದು. ನೀತಿ ಬಂದದ್ದು ಕೆಲಸ ಶುರುವಾದ ಮೇಲೆ. ವಿನ್ಯಾಸಕಾರರನ್ನು ಎಂಟುನೂರರಿಂದ ಎಂಟು ಸಾವಿರ ಮಾಡುವುದು ಸರ್ಕಾರಕ್ಕೆ ಸಾಧ್ಯ. ಅವರ ಮಾತನ್ನು ಕೇಳುವ ಕಾರ್ಖಾನೆಯನ್ನು ಸುತ್ತೋಲೆಯಿಂದ ಹುಟ್ಟಿಸಲಾಗದು. ಸರ್ಕಾರ ಮಾಡಿದ ಅತಿ ದೊಡ್ಡ ಉಪಕಾರ, ನನ್ನ ಮಟ್ಟಿಗೆ, 2007ರಲ್ಲಿ ಫೋನಿನ ಲೈಸೆನ್ಸ್ ತೆಗೆದು ಪಕ್ಕಕ್ಕೆ ಸರಿದದ್ದು.

ಕೊನೆಯ ಹಂತವನ್ನು ನಮ್ಮ ಓದುಗರು ಬಲ್ಲರು, ಹಲವರ ಜೇಬಿನಲ್ಲೇ ಅದಿದೆ. 2010ರಲ್ಲಿ ಶಿಯೋಮಿ ಹುಟ್ಟಿದಾಗ ಸ್ಥಾಪಕರಲ್ಲಿ ಒಬ್ಬರಾದ ಲಿಯು ದೆ ಬೀಜಿಂಗಿನಲ್ಲಿ ಕೈಗಾರಿಕಾ ವಿನ್ಯಾಸ ಕಲಿಸುತ್ತಿದ್ದವರು, ಕ್ಯಾಲಿಫೋರ್ನಿಯಾದ ಆರ್ಟ್ ಸೆಂಟರ್ ಕಾಲೇಜಿನಲ್ಲಿ ಓದಿದವರು. 1956ರಲ್ಲಿ ಪಾಂಗ್ ಕೇಳಿ ಪಡೆಯದ ಕುರ್ಚಿ ಅದು: ಕಂಪನಿ ಏನು ಮಾಡಬೇಕೆಂದು ಗೊತ್ತಾಗುವ ಮೊದಲೇ ವಿನ್ಯಾಸಕಾರ ಒಳಗಿದ್ದ. ಬಳಕೆದಾರರ ದೂರು ಕೇಳಿ ವಾರಕ್ಕೊಮ್ಮೆ ತಂತ್ರಾಂಶ ತಿದ್ದುವುದು ಅವರ ಪದ್ಧತಿಯಾಯಿತು. 2014ರಲ್ಲಿ ಆಪಲ್‌ನ ಜಾನಿ ಐವ್ ಶಿಯೋಮಿಯ ಅನುಕರಣೆಯನ್ನು ಕಳ್ಳತನವೆಂದು ಜರೆದರು, ಆ ಹೊತ್ತಿನ ಫೋನುಗಳನ್ನು ನೋಡಿದರೆ ಅವರ ಸಿಟ್ಟು ಅಕಾರಣವಲ್ಲ. ಎರಡೇ ವರ್ಷಕ್ಕೆ ಅಂಚಿಲ್ಲದ ಪರದೆಯ ಮಿ ಮಿಕ್ಸ್ ಬಂತು, ಪ್ಯಾರಿಸಿನ ಪಾಂಪಿದೂ ಕೇಂದ್ರ ಅದನ್ನು ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದರ ವಿನ್ಯಾಸದಲ್ಲಿ ಫ್ರಾನ್ಸಿನ ಫಿಲಿಪ್ ಸ್ಟಾರ್ಕ್ ಕೈಯಿತ್ತು ಎಂಬುದನ್ನೂ ಹೇಳಬೇಕು. ಕಾರು ಮಾಡುವ ಬಿವೈಡಿ ಹಿಂದೆ ಆಡಿಯಲ್ಲಿದ್ದ ವೋಲ್ಫ್‌ಗಾಂಗ್ ಎಗ್ಗರ್ ಅವರನ್ನು ಕರೆತಂದಿತು, ಆಮೇಲೆ ಮತ್ತೆ ಶುರುವಾದ ಹೊಂಗ್ಚಿ 2018ರಲ್ಲಿ ರೋಲ್ಸ್-ರಾಯ್ಸ್‌ನ ಜೈಲ್ಸ್ ಟೇಲರ್ ಅವರನ್ನು. ಇವರಿರುವಾಗ ಇದು ಚೀನೀ ವಿನ್ಯಾಸ ಹೇಗಾದೀತು ಎಂದು ಮೂಗು ಮುರಿಯುವವರಿಗೆ ಒಂದು ಮಾತು: ವಿನ್ಯಾಸಕಾರ ಎಲ್ಲಿಯವನು ಎಂಬುದಕ್ಕಿಂತ ಅವನು ಯಾರಿಗೆ ಉತ್ತರ ಹೇಳಬೇಕು ಎಂಬುದು ದೊಡ್ಡದು.

ಆ ಉತ್ತರ ಹೇಳಿಸಿಕೊಳ್ಳುವ ಜಾಗದಲ್ಲಿ ಯಾವಾಗಲೂ ಬಳಕೆದಾರನೇ ಕೂತಿರುತ್ತಾನೆ ಎಂಬ ಭ್ರಮೆ ಬೇಡ. 2016ರಲ್ಲಿ ಶಾಂಘೈ ಬೀದಿಗಿಳಿದ ಮೊಬೈಕ್ ಬಾಡಿಗೆ ಸೈಕಲ್ಲು ಅದ್ಭುತವಾಗಿ ಯೋಚಿಸಿ ಮಾಡಿದ ವಸ್ತು. ಪಂಕ್ಚರಾಗದ ಗಟ್ಟಿ ಟೈರು, ಸರಪಳಿಯ ಬದಲು ದಂಡ, ಬೀಗದೊಳಗೆ ಜಿಪಿಎಸ್, ನಾಲ್ಕು ವರ್ಷ ಯಾರೂ ಮುಟ್ಟದಿದ್ದರೂ ನಡೆಯಬೇಕೆಂಬ ಲೆಕ್ಕ. ಆದರೆ ತೂಕ ಸುಮಾರು 25 ಕಿಲೋ. ರಿಪೇರಿ ಖರ್ಚು ಉಳಿಯಬೇಕಾದದ್ದು ಕಂಪನಿಗೆ, ತುಳಿಯಬೇಕಾದದ್ದು ಸವಾರ. ಅದರ ಪ್ರತಿಸ್ಪರ್ಧಿ ಓಫೋ ಅಷ್ಟು ಯೋಚನೆಯನ್ನೂ ಮಾಡಲಿಲ್ಲ, ಹೂಡಿಕೆದಾರರ ಹಣ ಸುರಿದು ಸಾಧಾರಣ ಸೈಕಲ್ಲುಗಳನ್ನು ಲಕ್ಷಗಟ್ಟಲೆ ಬೀದಿಗೆ ಬಿಟ್ಟಿತು. ಎಷ್ಟು ಸೈಕಲ್ಲು ಬೇಕೆಂದು ನಿರ್ಧರಿಸಿದ್ದು ಊರಿನ ಅಗತ್ಯವಲ್ಲ, ಮುಂದಿನ ಸುತ್ತಿನ ಬಂಡವಾಳ. ಒಂದೆರಡು ವರ್ಷಗಳಲ್ಲೇ ಚೀನಾದ ನಗರಗಳ ಹೊರವಲಯದಲ್ಲಿ ಬಣ್ಣಬಣ್ಣದ ಸೈಕಲ್ಲಿನ ಗುಡ್ಡೆಗಳೆದ್ದವು. ಓಫೋದ ಹಳದಿ ಸೈಕಲ್ಲುಗಳನ್ನು ಮಾಡಿಕೊಟ್ಟವರಲ್ಲಿ ಚೀಟಿಯ ಕಾಲದ ಅದೇ ಶಾಂಘೈ ಫೀನಿಕ್ಸ್ ಕಾರ್ಖಾನೆಯೂ ಇತ್ತು. 2017ರಲ್ಲಿ ವರ್ಷಕ್ಕೆ 50 ಲಕ್ಷ ಸೈಕಲ್ಲುಗಳ ಒಪ್ಪಂದಕ್ಕೆ ಸಹಿ ಬಿದ್ದಿತ್ತು. 2018ರಲ್ಲಿ ಫೀನಿಕ್ಸ್, ತನಗೆ ಬರಬೇಕಾದ 6.8 ಕೋಟಿ ಯುವಾನ್ ಬಾಕಿಗಾಗಿ ಓಫೋ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಿತು.